ಬರಿದಾಗಿ ಬಂದ ರೊಟ್ಟಿ ಬಟ್ಟೆ

ನಾನು ಹೈದರಾಬಾದಿನಲ್ಲಿ ಓದಿದ ಮೊದಲ ವರ್ಷದ ಬಗ್ಗೆ ನಮ್ಮ ಮನೆತನದಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಲಗ್ನವಿರಲಿ, ತೊಟ್ಟಿಲಿರಲಿ, ನಾಲ್ಕು ಜನ ಸೇರಿದಲ್ಲಿ ಯಾರಾದರೊಬ್ಬರು ಅದನ್ನು ತೆಗೆದೇ ತೆಗೆಯುತ್ತಾರೆ. "ಅಷ್ಟ ದೊಡ್ಡ ಊರಿಗಿ ಒಬ್ಬಾಕಿನ್ನೇ ಕಳಿಸಿದ್ವಿ ನೋಡ್ರಿ. ಬಸವಣ್ಣನ ದಯಾ, ಏನೂ ಆಗಲಿಲ್ಲ." ಕೇಳಿದವರು ತಲೆದೂಗಿ, ನನ್ನನ್ನು ಮೇಲಿನಿಂದ ಕೆಳಗಿನತನಕ ಒಮ್ಮೆ ನೋಡಿ, ಹೌದು, ಏನೂ ಆದಂತಿಲ್ಲ ಎಂದು ಖಾತ್ರಿ ಮಾಡಿಕೊಂಡು ಊಟಕ್ಕೆ ಏಳುತ್ತಾರೆ.

ಈ ಕಥೆಗೆ ನನ್ನ ತಕರಾರಿದೆ. ಏನೂ ಆಗಲಿಲ್ಲ ಎಂಬುದು ಶುದ್ಧ ಸುಳ್ಳು. ಆ ಒಂದು ವರ್ಷದಲ್ಲಿ ನನಗೆ ಆದಷ್ಟು ಸಂಗತಿಗಳು ಅದಕ್ಕೂ ಮೊದಲಿನ ಬದುಕಿನಲ್ಲೆಲ್ಲ ಸೇರಿಸಿದರೂ ಆಗಿರಲಿಲ್ಲ. ಹೆಣ್ಣುಮಕ್ಕಳ ಕ್ಷೇಮವನ್ನು ನಮ್ಮವರು ಅಳೆಯುವುದೇ ಹೀಗೆ, ಏನು ಆಗಲಿಲ್ಲ ಎಂಬುದರಿಂದ. ಆ ಲೆಕ್ಕಕ್ಕೆ ಬಂದರೆ ಟ್ರಂಕಿನಲ್ಲಿ ಮಡಿಚಿಟ್ಟ ಇಳಕಲ್ ಸೀರೆಗಿಂತ ಸುಖಿ ಯಾರೂ ಇಲ್ಲ. ಅಲ್ಲದೆ, ಈ ಕಥೆಯಲ್ಲಿ ಒಂದು ದಿನ ಪೂರಾ ಮಾಯವಾಗಿದೆ. ನನ್ನನ್ನು ವಾಪಸ್ ಕರೆದೊಯ್ಯಲು ಅವರೇ ಬಂದು ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತ ದಿನ.

ಈ ಸಲ ಮಳೆ ಹಿಡಿಯುವ ಹೊತ್ತಿಗೆ ವಾಡಿ ಸ್ಟೇಷನ್ನಿನಲ್ಲಿ ಇಳಿದೆ. ಸಿಮೆಂಟಿನ ಪುಡಿ ಕೂತು ಬೂದುಬಣ್ಣಕ್ಕೆ ತಿರುಗಿದ್ದ ಬೇವಿನ ಎಲೆಗಳ ಮೇಲೆ ಆಗತಾನೆ ಹನಿ ಬಿದ್ದಿತ್ತು. ಒದ್ದೆ ಸುಣ್ಣದಂಥ, ಒದ್ದೆ ಫರ್ಸಿ ಹಾಸುಗಲ್ಲಿನಂಥ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಕೈಯಲ್ಲಿ ಟ್ರಂಕು, ಹೆಗಲಿಗೆ ಹೊಸ ಬ್ಯಾಗು ಹಾಕಿಕೊಂಡು ಇದೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಆ ವರ್ಷ ಪೂರ್ತಿಯಾಗಿ ಎದುರಿಗೆ ಬಂತು. ಈಗ ನಾನು ವಕೀಲಿ ಓದುತ್ತಿದ್ದೇನೆ. ಸಾಕ್ಷಿಯನ್ನು ಮೊದಲಿನಿಂದ ವಿಚಾರಣೆ ಮಾಡುವ ಚಟ ಅಂಟಿದೆ. ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ.

ನಮ್ಮಪ್ಪ ವಾಡಿಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಮಾತು ಕಡಿಮೆ. ಮನೆಯಲ್ಲಿ ಮಾತಿನ ಕೋಟಾವನ್ನೆಲ್ಲ ನಾನೇ ಬಳಸಿಕೊಂಡಿದ್ದೆ. ಶಹಾಬಾದಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಸರ್ ನನಗೆ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಸಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಚಂದ ಹೇಳಲು ಬರುವವರೆಗೆ ಅದನ್ನು ಖಂಡಿಸುವ ಹಕ್ಕು ನಿನಗಿಲ್ಲ ಎಂಬುದು ಅವರ ನಿಯಮ. ಆಮೇಲೆ ಪಿಯುಸಿ ಸೇಡಂನಲ್ಲಿ, ಕಾಕಾನ ಮನೆಯಲ್ಲಿದ್ದು. ಕಾಕಾ ಅಂದರೆ ಅಪ್ಪನ ತಮ್ಮ, ತೊಗರಿಯ ಅಡತಿ ಅಂಗಡಿಯ ದಲ್ಲಾಳಿ, ದೊಡ್ಡ ದನಿಯ ಮನುಷ್ಯ. ಎರಡು ವರ್ಷ ಅವರ ಮನೆಯ ಅನ್ನ ಉಂಡಿದ್ದರಿಂದ ನನ್ನ ಮುಂದಿನ ಓದಿನ ಬಗ್ಗೆ ಅವರಿಗೂ ಒಂದು ಓಟು ಇತ್ತು. ಅದನ್ನು ಅವರು ಎರಡೆರಡು ಸಲ ಚಲಾಯಿಸುತ್ತಿದ್ದರು.

ನಮ್ಮ ಕಡೆಯವರಿಗೆ ದೊಡ್ಡ ಊರೆಂದರೆ ಹೈದರಾಬಾದು. ಬೆಳಿಗ್ಗೆ ಚಹಾ ಕುಡಿದು ಗಾಡಿ ಹತ್ತಿದರೆ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ. ದೊಡ್ಡ ಬೇನೆ ಬಂದರೆ ಅಲ್ಲಿಗೆ, ಲಗ್ನದ ಜವಳಿಗೆ ಅಲ್ಲಿಗೆ. ಕಾಕಾನ ಮಂಡಿಚಿಪ್ಪು ಬದಲಾಯಿಸಿದ್ದೂ ಅಲ್ಲೇ. ಆದರೆ ಮಗಳ ಓದಿಗೆ ಎಂದ ಕೂಡಲೇ ಅದೇ ಊರು ಹುಲಿ ಕರಡಿಗಳ ಕಾಡಾಯಿತು.

"ದವಾಖಾನಿಗಿ ಹೋಗೋ ಊರು ಬ್ಯಾರೆ, ಇರಲಿಕ್ಕ ಹೋಗೋ ಊರು ಬ್ಯಾರೆ," ಎಂದರು ಕಾಕಾ.

"ಕಾಕಾ, ಬ್ಯಾನಿ ಇದ್ದವರಿಗಿ ಭದ್ರ ಇದ್ದ ಊರು ಆರಾಮ ಇದ್ದಾಕಿಗಿ ಹ್ಯಾಂಗ ಅಪಾಯ ಆಗ್ತದ್ರಿ?"

"ನೋಡೋ ಅಣ್ಣಾ, ಈಗೇ ಹಿಂಗ ಮಾತಾಡ್ತಾಳ. ಅಲ್ಲಿ ಹೋಗಿ ಬಂದ್ರ ನಮ್ಮನ್ನ ಮಾರಿ ಬಿಡ್ತಾಳ."

ಅಪ್ಪ ಇಬ್ಬರ ಮುಖವನ್ನೂ ನೋಡಿ ತೀರ್ಪು ಕೊಟ್ಟರು. "ಒಂದು ವರ್ಷ ನೋಡೋಣು. ಜರಾ ಏನರ ಹೆಚ್ಚುಕಡಿಮಿ ಕಂಡ್ರ ಸೇಡಂ ಕಾಲೇಜ ಇದ್ದೇ ಅದ."

ಹೀಗೆ ನಾನು ಹೋದದ್ದು ಓದಲು ಅಷ್ಟೇ ಅಲ್ಲ. ಜಾಮೀನಿನ ಮೇಲೆ ಹೋದಂತೆ ಹೋದೆ. ಹೆಚ್ಚುಕಡಿಮೆ ಅಂದರೆ ಏನು, ಅದನ್ನು ಯಾರು ಕಾಣಬೇಕು, ಯಾವುದೂ ಗೊತ್ತಿರಲಿಲ್ಲ.

ನನ್ನ ಕೋಣೆಯ ಜೊತೆಗಾರ್ತಿ ಮಲ್ಲಮ್ಮ, ಚಿಂಚೋಳಿ ತಾಲೂಕಿನ ಕೊಡ್ಲಿಯವಳು. ಅವಳನ್ನು ನೋಡಿದರೆ ಕೊಡ್ಲಿಯಿಂದ ಬರುವಾಗ ದನಿಯನ್ನು ಊರಲ್ಲೇ ಬಿಟ್ಟು ಬಂದಿದ್ದಾಳೋ ಏನೋ ಅನಿಸುತ್ತಿತ್ತು. ನಾನು ಹತ್ತು ಮಾತಾಡಿದರೆ ಅವಳದು ಒಂದು "ಹೂಂ." ಆದರೆ ನಮ್ಮಿಬ್ಬರನ್ನೂ ಒಂದು ಸಂಗತಿ ಜೋಡಿಸಿತ್ತು, ರೊಟ್ಟಿ. ಹಾಸ್ಟೆಲ್ಲಿನ ಅನ್ನ ಸಾಂಬಾರು ಉಂಡು ನಮಗೆ ಹೊಟ್ಟೆ ತುಂಬುತ್ತಿತ್ತೇ ಹೊರತು ಊಟ ಮಾಡಿದಂತಾಗುತ್ತಿರಲಿಲ್ಲ. ಅದಕ್ಕೆ ಅವ್ವ ಪ್ರತಿ ವಾರ ತನ್ನ ತವರು ದಂಡೋತಿಯ ಜೋಳದ ಹಿಟ್ಟಿನಲ್ಲಿ ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಜೊತೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕಳಿಸುತ್ತಿದ್ದಳು. ತರುತ್ತಿದ್ದವರು ವಾಡಿಯ ಇಸ್ಮಾಯಿಲ್ ಚಾಚಾ. ರೆಡಿಮೇಡ್ ಬಟ್ಟೆಯ ಅಂಗಡಿಗೆ ಮಾಲು ತರಲು ಅವರು ಭಾನುವಾರಕ್ಕೊಮ್ಮೆ ಹೈದರಾಬಾದಿಗೆ ಬರುತ್ತಿದ್ದರು. ನಾನು ನಾಂಪಲ್ಲಿ ಸ್ಟೇಷನ್ನಿಗೆ ಹೋಗಿ ಹೊಸ ಗಂಟು ಇಸಿದುಕೊಂಡು ಹಿಂದಿನ ವಾರದ ಬಟ್ಟೆ ವಾಪಸ್ ಕೊಡಬೇಕು.

"ಅಮ್ಮಾ, ಸೊರಗಿದ್ದಿ ಅಂತ ಹೇಳ್ಲೋ, ದಪ್ಪ ಆಗಿದ್ದಿ ಅಂತ ಹೇಳ್ಲೋ?" ಎಂದು ಚಾಚಾ ಕೇಳುತ್ತಿದ್ದರು.

"ಚಾಚಾ, ನೀವು ರೊಟ್ಟಿ ತರ್ತೀರೋ, ಪಂಚನಾಮೆ ಬರೀತೀರೋ?"

"ಎರಡೂ ಬೇಟಾ. ರೊಟ್ಟಿಗಿ ನಿಮ್ಮವ್ವ ಚಹಾ ಕುಡಸ್ತಾಳ, ಪಂಚನಾಮೆಕ್ಕ ನಿಮ್ಮಪ್ಪ ಪಾನ್ ತಿನಸ್ತಾನ."

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ರೊಟ್ಟಿ ಕಟ್ಟಿ ಬಂದ ಬಟ್ಟೆ ಬರಿದಾಗಿ ಹಿಂದಿರುಗಬಾರದು. ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣು, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳವಾದರೂ ಅದರಲ್ಲಿ ಇರಬೇಕು. ಇದು ನನಗೆ ಗೊತ್ತಿತ್ತು, ಆದರೆ ಗಮನದಲ್ಲಿ ಇರಲಿಲ್ಲ. ಬಟ್ಟೆಯನ್ನು ಒಗೆದು, ಮಡಿಚಿ, ಅದರಲ್ಲಿ ಉಸ್ಮಾನಿಯಾ ಬಿಸ್ಕೀಟಿನ ಪುಡಿಕೆಯನ್ನೋ ಪೇರಲ ಹಣ್ಣನ್ನೋ ಇಟ್ಟು ನನ್ನ ಬ್ಯಾಗಿಗೆ ಹಾಕುತ್ತಿದ್ದವಳು ಮಲ್ಲಮ್ಮ. ಅರ್ಧ ರೊಟ್ಟಿ ಅವಳ ಪಾಲಾಗುತ್ತಿದ್ದುದರಿಂದ ಆ ಕೆಲಸವನ್ನು ಅವಳು ಕೇಳದೇ ವಹಿಸಿಕೊಂಡಿದ್ದಳು.

ನಾನು ಏನು ಮಾಡುತ್ತಿದ್ದೆ? ಊರು ನೋಡುತ್ತಿದ್ದೆ. ಸೇಡಂನಲ್ಲಿ ನಾನು ಎಲ್ಲಿ ಹೋದರೂ ತೊಗರಿ ಸಾವಕಾರರ ಅಣ್ಣನ ಮಗಳು. ಇಲ್ಲಿ ಯಾರ ಮಗಳೂ ಅಲ್ಲ. ಮೊದಲ ತಿಂಗಳು ಅದು ಚಳಿಯಲ್ಲಿ ಶಾಲು ಕಳೆದುಕೊಂಡಂತೆ ಅನಿಸಿತು. ಎರಡನೇ ತಿಂಗಳಿಗೆ ಬೇಸಿಗೆಯಲ್ಲಿ ಶಾಲು ತೆಗೆದಿಟ್ಟಂತಾಯಿತು. ನಿಜಾಮಾಬಾದಿನವಳು, ಮೆಹಬೂಬನಗರದವಳು, ಹಳೇ ಶಹರಿನವಳು, ಎಲ್ಲರೂ ಸೇರಿ ಒಂದು ಚರ್ಚಾ ತಂಡ ಮಾಡಿದೆವು. ನಮ್ಮೂರ "ಜರಾ" "ಖರೇ" "ಫಿಕರ್" ಕೇಳಿ ಇಲ್ಲಿ ಯಾರೂ ನಗಲಿಲ್ಲ, ಅವರೂ ಅದನ್ನೇ ಆಡುತ್ತಿದ್ದರು. ರಾಜ್ಯಶಾಸ್ತ್ರದ ಮೇಡಂ ಪಾಠ ಮುಗಿಸಿ "ನಾನು ತಪ್ಪು ಅಂತ ಯಾರು ತೋರಿಸ್ತೀರಿ?" ಎಂದು ಕೇಳುತ್ತಿದ್ದರು. ಸೇಡಂನಲ್ಲಿ ಯಾರೂ ಕೇಳದಿದ್ದರೂ ಆ ಪ್ರಶ್ನೆಗೆ ಉತ್ತರಿಸಿ ನಾನು ಎರಡು ಸಲ ಕ್ಲಾಸಿನ ಹೊರಗೆ ನಿಂತಿದ್ದೆ. ಕೋರ್ಟಿನಲ್ಲಿ ವಿಚಾರಣೆ ನಡೆಯುವಾಗ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು ಎಂದು ತಿಳಿದದ್ದೂ ಆ ವರ್ಷವೇ. ಒಬ್ಬ ವಕೀಲೆ ಎದ್ದು ನಿಂತು ಸೆರಗು ಸರಿಪಡಿಸಿದಂತೆ ಕರಿಕೋಟು ಸರಿಪಡಿಸಿಕೊಂಡು ಮಾತು ಶುರು ಮಾಡಿದ್ದನ್ನು ನೋಡಿದೆ. ನಾನು ಏನಾಗಬೇಕೆಂಬುದು ಆ ಬೆಂಚಿನ ಮೇಲೆ ಗೊತ್ತಾಯಿತು. ಅಂಥ ಬೆಂಚು ವಾಡಿಯಲ್ಲಿ ಇರಲಿಲ್ಲ.

ಇನ್ನು ಅಪಾಯ. ಸರ್ ಕಲಿಸಿದಂತೆ ಎದುರು ಪಕ್ಷವನ್ನೂ ಚಂದವಾಗಿಯೇ ಹೇಳಬೇಕು. ಅಪಾಯ ಇತ್ತು. ಒಮ್ಮೆ ತುಂಬಿದ ಬಸ್ಸಿನಲ್ಲಿ ಒಬ್ಬನ ಕೈ ನನ್ನ ಸೊಂಟಕ್ಕೆ ಬಂತು. ನಾನು ಕೂಗಿದೆ. ಕಂಡಕ್ಟರ್ ಹೆಂಗಸು, ಬಸ್ಸು ನಿಲ್ಲಿಸಿ ಅವನನ್ನು ಇಳಿಸಿಯೇ ಸೀಟಿ ಊದಿದಳು. ನಾನು ಬೀಗಿದೆ. ಇನ್ನೊಂದು ಸಲ ಹಾಗೆಯೇ ಕೂಗಿದಾಗ ಇಡೀ ಬಸ್ಸು ಕಿಟಕಿಯ ಆಚೆ ನೋಡಿತು. ಎರಡೂ ಅದೇ ಊರು, ಹೆಚ್ಚುಕಡಿಮೆ ಅದೇ ರೂಟು. ಹಾಸ್ಟೆಲ್ಲಿಗೆ ಬರುವ ಗಲ್ಲಿಯಲ್ಲಿ ಬೀದಿದೀಪ ಕೆಟ್ಟಿತ್ತು. ನಾನು ವಾರ್ಡನ್ ಮುಂದೆ ನಾಗರಿಕರ ಹಕ್ಕುಗಳ ಬಗ್ಗೆ ಒಂದು ಒಳ್ಳೆಯ ಭಾಷಣ ಮಾಡಿದೆ. ದೀಪ ಹತ್ತಲಿಲ್ಲ. ಮಲ್ಲಮ್ಮ ಒಂದು ಸಂಜೆ ನಾಲ್ಕು ರೊಟ್ಟಿ, ಸ್ವಲ್ಪ ಹಿಂಡಿ ತೆಗೆದುಕೊಂಡು ಗಲ್ಲಿಯ ಮೂಲೆಯ ಹಿಟ್ಟಿನ ಗಿರಣಿಗೆ ಹೋದಳು. ಗಿರಣಿಯವನ ಹೆಂಡತಿ ತಾಂಡೂರು ಕಡೆಯವಳಂತೆ. ಮರುದಿನದಿಂದ ಗಿರಣಿಯ ಹೊರಗಿನ ಬಲ್ಬು ನಾವೆಲ್ಲ ಒಳಗೆ ಸೇರುವವರೆಗೆ ಉರಿಯತೊಡಗಿತು, ಆ ಹೆಂಗಸು ಕಟ್ಟೆಯ ಮೇಲೆ ಕೂತು ಹೋಗಿಬರುವ ಗಂಡಸರನ್ನೆಲ್ಲ ಕಣ್ಣಲ್ಲೇ ಜರಡಿ ಹಿಡಿಯತೊಡಗಿದಳು. "ಏನಂತ ಕೇಳ್ದಿ?" ಎಂದರೆ ಮಲ್ಲಮ್ಮ, "ಕೇಳಲಿಲ್ಲ, ರೊಟ್ಟಿ ಕೊಟ್ಟ ಬಂದೆ," ಎಂದಳು.

ಚಳಿಗಾಲ ಬಂತು. ಮಲ್ಲಮ್ಮ ಅಕ್ಕನ ಲಗ್ನಕ್ಕೆಂದು ಕೊಡ್ಲಿಗೆ ಹೋದಳು. ನನಗೆ ಅಂತರ ಕಾಲೇಜು ಚರ್ಚಾಸ್ಪರ್ಧೆಯ ತಯಾರಿ. ಆ ಭಾನುವಾರ ರೊಟ್ಟಿ ಬಟ್ಟೆಯನ್ನು ಹಾಗೇ ಮಡಿಚಿ ಚಾಚಾನ ಕೈಗೆ ಕೊಟ್ಟೆ. ಮುಂದಿನ ಭಾನುವಾರವೂ ಹಾಗೇ. ಸಂಜೆ ಅವ್ವನ ಫೋನು ಬಂದರೆ "ಹಾಂ ಅವ್ವ, ಆರಾಮ, ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಡುತ್ತಿದ್ದೆ.

ವಾಡಿಯಲ್ಲಿ ಏನಾಯಿತು ಎಂಬುದನ್ನು ಅವ್ವ ಆಮೇಲೆ ಹೇಳಿದಳು. ನಮ್ಮ ಮನೆತನದಲ್ಲಿ ಬರಿ ಬಟ್ಟೆಗೆ ಒಂದು ಅರ್ಥವಿದೆ. ಹೊಸದಾಗಿ ಗಂಡನ ಮನೆಗೆ ಹೋದ ಮಗಳು ಬಾಯಿಬಿಟ್ಟು ಹೇಳಲಾಗದ ಕಷ್ಟದಲ್ಲಿದ್ದರೆ ತವರಿನ ರೊಟ್ಟಿ ಬಟ್ಟೆಯನ್ನು ಬರಿದಾಗಿ ಕಳಿಸುತ್ತಾಳೆ. ಎರಡು ಸಲ ಬರಿದಾಗಿ ಬಂದರೆ ಗಂಡಸರು ಹೊರಡಬೇಕು, ಹೇಳಿ ಕಳಿಸದೆ ಹೋಗಬೇಕು. ನಮ್ಮಜ್ಜಿಯ ಕಾಲದಿಂದ ಬಂದ ಮಾತು. ಫೋನ್ ಇದೆಯಲ್ಲ ಎಂದು ನಾನು ಅವ್ವನಿಗೆ ಕೇಳಿದೆ.

"ಫೋನಿನ್ಯಾಗ ಎಲ್ಲಾ ಹುಡುಗ್ಯಾರೂ ಆರಾಮ ಇದ್ದೀನಿ ಅಂತಾರ. ಬಟ್ಟಿಗಿ ಸುಳ್ಳ ಹೇಳಲಿಕ್ಕ ಬರಂಗಿಲ್ಲ," ಎಂದಳು.

ಎರಡನೇ ಬರಿ ಬಟ್ಟೆ ಬಂದ ದಿನವೇ ಅಪ್ಪ ಸೇಡಂಗೆ ಫೋನು ಮಾಡಿದರು. ತೊಗರಿ ಸುಗ್ಗಿ ಮೈತುಂಬಿಕೊಂಡಿದ್ದ ಹೊತ್ತು, ಅಡತಿ ಅಂಗಡಿಯ ಮುಂದೆ ಗಾಡಿಗಳ ಸಾಲು. ಕಾಕಾ ಎಲ್ಲವನ್ನೂ ಗುಮಾಸ್ತನಿಗೆ ಒಪ್ಪಿಸಿ ಬಂದರು. ಸುಗ್ಗಿಯಲ್ಲಿ ಅವರು ತಮ್ಮ ಮಂಡಿಚಿಪ್ಪಿಗಾಗಿಯೂ ಅಂಗಡಿ ಬಿಟ್ಟವರಲ್ಲ, ಅದಕ್ಕೂ ಬೇಸಿಗೆ ಕಾದಿದ್ದರು.

ಹಾಸ್ಟೆಲ್ಲಿನ ಬಾಗಿಲಲ್ಲಿ ಕಾವಲಿಗೆ ಯಾದಮ್ಮ ಎಂಬ ಹೆಂಗಸಿದ್ದಳು. ಕುಳ್ಳಿ, ಕೈಯಲ್ಲೊಂದು ಕೋಲು, ಬಾಯಲ್ಲಿ ಅಡಿಕೆ. ನಾನು ಅಂದು ಸ್ಪರ್ಧೆಗೆ ಹೋಗಿದ್ದೆ. ಇವರಿಬ್ಬರೂ ಬಂದು ಒಳಗೆ ಕಾಲಿಡಲು ನೋಡಿದಾಗ ಯಾದಮ್ಮ ಕೋಲು ಅಡ್ಡ ಇಟ್ಟಳು.

ಗಡಿಯ ಊರಿನ ಕಾಕಾನಿಗೆ ತೆಲುಗು ನೀರಿನಂತೆ. "ನಾವು ಹುಡುಗಿಯ ತಂದೆ, ಚಿಕ್ಕಪ್ಪ," ಎಂದು ತೆಲುಗಿನಲ್ಲಿ ಗುಡುಗಿದರು.

"ತಂದೆ ಅಂತ ಎಲ್ಲರೂ ಅಂತಾರೆ. ಗಂಡಸರು ಒಳಗೆ ಹೋಗುವಂತಿಲ್ಲ," ಎಂದು ಅವಳೂ ತೆಲುಗಿನಲ್ಲೇ ಉತ್ತರಿಸಿದಳು.

"ನಾನು ಸೇಡಂನಲ್ಲಿ ಯಾರು ಅಂತ ಗೊತ್ತಿದೆಯೇನು ನಿನಗೆ?"

"ಸೇಡಂ ಅಂದರೆ ಎಲ್ಲಿ?"

ಕಾಕಾನ ಬದುಕಿನಲ್ಲಿ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವರು ಕೆಂಪಗಾದರು. ಅಪ್ಪ ಮಾತ್ರ ಯಾದಮ್ಮನಿಗೆ ಕೈಮುಗಿದು, "ಬರೋಬರಿ ಮಾಡಿದಿ ತಾಯಿ," ಎಂದು ಎದುರಿನ ಬಸ್ ಸ್ಟಾಪಿನ ಕಲ್ಲಿನ ಮೇಲೆ ಹೋಗಿ ಕೂತರಂತೆ. ಮಗಳ ಅಪ್ಪನನ್ನೇ ಒಳಗೆ ಬಿಡದ ಜಾಗ ಇದು ಎಂಬುದು ಅವರಿಗೆ ಸಮಾಧಾನ ತಂದಿತ್ತೆಂದು ಕಾಕಾ ಆಮೇಲೆ ಬೈದುಕೊಂಡು ಹೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ನಾನು ಬಸ್ಸಿನಿಂದ ಇಳಿದೆ. ಜೊತೆಗೆ ನಮ್ಮ ತಂಡದವರು. ಕೈಯಲ್ಲಿ ಸ್ಪರ್ಧೆಯಲ್ಲಿ ಗೆದ್ದ ಕಪ್ಪು. ನಿಜಾಮಾಬಾದಿನವಳು ನನ್ನನ್ನೇ ಅಣಕಿಸುತ್ತ, ನನ್ನ ಹಾಗೆ ಬೆರಳೆತ್ತಿ, ನಾನು ಸಭೆಯಲ್ಲಿ ಆಡಿದ ಮಾತನ್ನು ರಸ್ತೆಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ನಗುತ್ತ ತಲೆಯೆತ್ತಿದರೆ ಎದುರಿಗೆ ಅಪ್ಪ, ಕಾಕಾ. ಅಪ್ಪ ಎದ್ದು ನಿಂತು ನನ್ನ ಮುಖ, ಕೈ, ಕಾಲು, ಚಪ್ಪಲಿ ಎಲ್ಲ ನೋಡಿದರು.

"ಏನಾಗ್ಯದ?" ಎಂದರು.

"ಏನಾಗ್ಯದ?" ಎಂದೆ ನಾನೂ. "ಅವ್ವ ಆರಾಮ ಇದ್ದಾಳಿಲ್ಲೋ?"

ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತ ನಿಂತೆವು. ಕೊನೆಗೆ ಕಾಕಾ ಕೋಟಿನ ಜೇಬಿನಿಂದ ಆ ಬಿಳಿ ಬಟ್ಟೆ ತೆಗೆದು ಝಾಡಿಸಿದರು. "ಇದ ಯಾಕ ಖಾಲಿ ಬಂತು?"

ನನಗೆ ಅರ್ಥವಾಗಲಿಲ್ಲ. ಕಾಕಾ ಬಿಡಿಸಿ ಹೇಳಿದಾಗ ನಗು ಬಂತು. ನಕ್ಕದ್ದು ದೊಡ್ಡ ತಪ್ಪಾಯಿತು.

ಮೂಲೆಯ ಇರಾನಿ ಹೋಟೆಲ್ಲಿನಲ್ಲಿ ಕೂತೆವು. ಮಲ್ಲಮ್ಮ ಲಗ್ನಕ್ಕೆ ಹೋದದ್ದು, ನಾನು ಮರೆತದ್ದು ಎಲ್ಲ ಹೇಳಿದೆ. ಅಮೃತಶಿಲೆಯ ಮೇಜು, ಮೂರು ಚಹಾ. ಅಪ್ಪ ಬಸಿ ತಟ್ಟೆಗೆ ಸುರಿದುಕೊಂಡು ಊದುತ್ತಿದ್ದರು. ಕಾಕಾ ನೇರ ವಿಷಯಕ್ಕೆ ಬಂದರು.

"ಬಟ್ಟಿ ಮಾತ ಬಿಡು. ಲಗ್ನಕ್ಕ ಹೋದ ಹುಡುಗಿ ಇರಲಿಲ್ಲ, ನೀ ಮರತಿ, ಒಪ್ಪಿದೆ. ಆದ್ರ ಮನೀ ರೀತಿ ಮರೀಲಿಕ್ಕ ಎಷ್ಟು ದಿನಾ ಹಿಡೀತು ಹೇಳು? ಟ್ರಂಕ ಕಟ್ಟು. ಸೇಡಂದಾಗ ಕಾಲೇಜ ಅದ, ಮನಿ ಅದ, ನಿಮ್ಮ ಕಾಕಿ ಕೈಯಾಗಿನ ಬಿಸಿ ರೊಟ್ಟಿ ಅದ."

ಅಪ್ಪ ಚಹಾ ಊದುತ್ತಲೇ ಇದ್ದರು. ಕಟ್ಟಬೇಡ ಎನ್ನಲಿಲ್ಲ. ಜಾಮೀನು ರದ್ದಾಗುತ್ತಿದೆ ಎಂದು ಗೊತ್ತಾಯಿತು.

"ಆ ಕಪ್ಪು ಎದರದು?" ಎಂದು ಕಾಕಾ ಕೇಳಿದರು.

"ಡಿಬೇಟಿನ್ಯಾಗ ಫಸ್ಟ್ ಬಂದೀನಿ."

"ವಿಷಯ?"

ನಾನು ಚಹಾ ಗುಟುಕರಿಸಿದೆ. ಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ಹಂಚುತ್ತಾರೆ. ನನ್ನ ಪಾಲಿಗೆ ಬಂದ ಪಕ್ಷವನ್ನು ಹೇಳಲೇಬೇಕಾಯಿತು. "ದೊಡ್ಡ ಊರಿಗಿ ಹೋಗಿ ಓದೋ ಜರೂರತ್ತಿಲ್ಲ, ಸಣ್ಣ ಊರಿನ ಕಾಲೇಜೇ ಸಾಕು, ಅಂತ."

ಕಾಕಾ ಮೇಜಿಗೆ ಗುದ್ದಿದರು. ಬಸಿಗಳು ಕುಣಿದವು. "ಕೇಳ್ದೇನೋ ಅಣ್ಣಾ! ಖುದ್ದ ಅಕೀನೇ ಹೇಳಿ, ಕಪ್ಪ ಬ್ಯಾರೆ ಗೆದ್ದಾಳ! ನಡಿ ಇನ್ನ."

ಬೆಳಿಗ್ಗೆ ನಾನೇ ಕಟ್ಟಿದ ಗೋಡೆಯನ್ನು ಸಂಜೆ ನಾನೇ ಕೆಡವಬೇಕಾಗಿತ್ತು.

"ಕಾಕಾ, ಒಂದು ಕೇಳ್ತೀನ್ರಿ. ಸೇಡಂದಾಗ ಪಿಯು ಎರಡನೇ ವರ್ಷ ಒಬ್ಬ ಹುಡುಗ ಬೈಕಿನ ಮ್ಯಾಲ ದಿನಾ ನನ್ನ ಹಿಂದ ಬರ್ತಿದ್ದ. ಕಾಕಿಗಿ ಹೇಳ್ದೆ. ಮುಂದ ಏನಾತು?"

ಕಾಕಾ ತಮ್ಮ ಬಸಿ ಆಚೆ ಸರಿಸಿದರು.

"ನನ್ನ ಟ್ಯೂಶನ್ ಬಂದ್ ಆತು. ಅವನ ಬೈಕ್ ಬಂದ್ ಆಗಲಿಲ್ಲ. ಓಣಿ ತುಂಬಾ ನಮ್ಮವರೇ ಇದ್ರು, ಎಲ್ಲಾರ ಕಣ್ಣೂ ನನ್ನ ಮ್ಯಾಲೇ ಇತ್ತು. ನನ್ನ ಹಿಂದ ಬರಾಕತ್ತವನ ಮ್ಯಾಲ ಒಬ್ಬರ ಕಣ್ಣೂ ಇರಲಿಲ್ಲ. ಅದಕ್ಕ ಭದ್ರ ಅಂತೀರೇನ್ರಿ?"

ಆಮೇಲೆ ಬಸ್ಸಿನ ಎರಡೂ ಸಂಗತಿ ಹೇಳಿದೆ, ಬಸ್ಸು ನಿಂತದ್ದನ್ನೂ, ಬಸ್ಸು ಕಿಟಕಿಯಾಚೆ ನೋಡಿದ್ದನ್ನೂ. ಎರಡನೆಯದನ್ನು ಮುಚ್ಚಿಡಬಹುದಿತ್ತು. ಆದರೆ ಅರ್ಧ ಸತ್ಯದ ಮೇಲೆ ನಿಲ್ಲಿಸಿದ ವಾದ ಮುಂದಿನ ಬರಿ ಬಟ್ಟೆಯ ತನಕ ಮಾತ್ರ ನಿಲ್ಲುತ್ತದೆ. "ಇಲ್ಲಿ ಅಪಾಯ ಇಲ್ಲಂತ ನಾ ಹೇಳಂಗಿಲ್ಲ. ಇಲ್ಲಿ ನಾ ಕೂಗಿದ್ರ ನನ್ನ ಓದು ಬಂದ್ ಆಗಂಗಿಲ್ಲ. ಅಷ್ಟೇ ಫರಕು. ಅಷ್ಟ ಫರಕು ನನಗ ಸಾಕು." ಕೋರ್ಟಿನ ಬೆಂಚಿನ ಬಗ್ಗೆ ಹೇಳಿದೆ. ಕರಿಕೋಟಿನ ಹೆಂಗಸಿನ ಬಗ್ಗೆ ಹೇಳುವಾಗ ದನಿ ನಡುಗಿತು. ಚರ್ಚೆಯಲ್ಲಿ ಅದಕ್ಕೆ ಅಂಕ ಕಳೆಯುತ್ತಾರೆ.

ಕಾಕಾ ಮೀಸೆ ಒರೆಸಿಕೊಂಡರು. ಅವರು ಗುಡುಗುವ ಮನುಷ್ಯರೇ ಹೊರತು ದಡ್ಡರಲ್ಲ. "ನೀ ಹುಶಾರ ಇದ್ದಿ. ಬಾಯಿ ಅದ. ಬಸ್ ನಿಲ್ಲಸ್ತಿ, ನಮ್ಮನ್ನೂ ನಿಲ್ಲಸ್ತಿ. ಆ ಕೊಡ್ಲಿ ಹುಡುಗಿ ಬಾಯೇ ಬಿಡಂಗಿಲ್ಲ ಅಂತಿದ್ದಿ. ಅಕಿ ಏನ ಮಾಡ್ತಾಳ?"

"ಅಕಿ ಗಲ್ಲಿಗಿ ದೀಪಾ ಹಚ್ಚಿಸ್ಯಾಳ್ರಿ," ಎಂದು ಗಿರಣಿಯ ಕಥೆ ಹೇಳಿದೆ. ಕಾಕಾ ಹುಬ್ಬೇರಿಸಿದರು. ಅದು ಸರಿಯಾದ ಉತ್ತರವೋ ಅಥವಾ ನುಣುಚಿಕೊಂಡ ಉತ್ತರವೋ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಅಷ್ಟರಲ್ಲಿ ಅಪ್ಪ ಬಸಿ ಕೆಳಗಿಟ್ಟರು. "ನಡಿ ತಮ್ಮಾ, ಗಾಡಿ ಹೊತ್ತಾತು."

"ಮತ್ತ ಹುಡುಗಿ?"

"ಅಕಿ ಎಲ್ಲಿ ಬರ್ತಾಳ? ಅಕಿಗಿ ನಾಳಿಗಿ ಕಾಲೇಜ ಅದ."

ಕಾಕಾ ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು, ಮೇಜಿನ ಮೇಲಿದ್ದ ಕಪ್ಪನ್ನು ನೋಡಿದರು. ಎದ್ದು ಹೋಗಿ ಗಲ್ಲಾದಲ್ಲಿ ಬಿಸ್ಕೀಟು ಕಟ್ಟಿಸಿಕೊಂಡು ಬಂದು ಆ ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದರು. "ನಿಮ್ಮವ್ವಗ ಬರಿ ಬಟ್ಟಿ ಒಯ್ದು ಕೊಟ್ರ ನನ್ನ ಮನಿ ಒಳಗ ಬಿಡಂಗಿಲ್ಲ. ಒಂದೇ ದಿನಾ ಇಬ್ಬರು ಹೆಣ್ಮಕ್ಕಳ ಕಡಿಂದ ಬಾಗಲದಾಗ ನಿಲ್ಲೋದು ನನ್ನಿಂದ ಆಗಂಗಿಲ್ಲ."

ಉಳಿದ ವರ್ಷ ಹಗುರಾಗಿ ಸರಿಯಿತು. ಮಲ್ಲಮ್ಮ ಲಗ್ನದಿಂದ ಬಂದಳು, ಲಾಡು ತಂದಳು. ನಡೆದದ್ದನ್ನೆಲ್ಲ ಕೇಳಿ "ಹೂಂ" ಎಂದು, ಸ್ವಲ್ಪ ಹೊತ್ತಾದ ಮೇಲೆ ತಡೆಯಲಾರದೆ ದಿಂಬಿಗೆ ಮುಖ ಒತ್ತಿ ನಕ್ಕಳು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಂತು. ಗಿರಣಿಯವಳಿಗೂ, ಯಾದಮ್ಮನಿಗೂ ಪಾಲು ಹೋಯಿತು. ಯಾದಮ್ಮ ಕಡಿದು ನೋಡಿ, "ಇದು ಹಲ್ಲಿಗೋ, ಕಳ್ಳರಿಗೆ ಹೊಡೆಯಲಿಕ್ಕೋ?" ಎಂದಳು.

ಬೇಸಿಗೆಗೆ ವಾಡಿಗೆ ಬಂದೆ. ಆ ಹೊತ್ತಿಗಾಗಲೇ ಕಾಕಾ ಹೋದಲ್ಲೆಲ್ಲ ಕಥೆ ಹೇಳಿಕೊಂಡು ತಿರುಗುತ್ತಿದ್ದರು. "ಟ್ರಂಕ ಕಟ್ಟಸಲಿಕ್ಕ ಹೋದ್ವಿ, ಅಕಿ ವಾದದಾಗ ನಮ್ಮನ್ನ ಸೋಲಿಸಿ ಕಳಿಸಿದಳು!" ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇರುತ್ತಿತ್ತು. ಆ ದಿನ ಕಥೆಯಿಂದ ಮಾಯವಾದದ್ದು, ಬರೀ "ಏನೂ ಆಗಲಿಲ್ಲ" ಉಳಿದದ್ದು ಆಮೇಲಿನ ವರ್ಷಗಳಲ್ಲಿ. ಆಗಿನ್ನೂ ನಾನೇ ಅದರ ನಾಯಕಿ. ಸುಖವಾಗಿತ್ತು. ಒಳ್ಳೆಯ ವಾದ ಗೆದ್ದಿತು, ಹುಡುಗಿ ಉಳಿದಳು, ಮುಗಿಯಿತು.

ಆದರೆ ಗೆದ್ದ ವಾದವನ್ನೂ ತಿರುಗಿಸಿ ನೋಡುವ ಚಟ ನನಗೆ ಸರ್ ಹಚ್ಚಿದ್ದು. ಒಂದು ಮಧ್ಯಾಹ್ನ ಅಪ್ಪನ ಊಟದ ಡಬ್ಬಿ ಹಿಡಿದುಕೊಂಡು ಗೂಡ್ಸ್ ಶೆಡ್ಡಿಗೆ ನಡೆಯುತ್ತಿದ್ದಾಗ ಆ ಸಂಜೆಯನ್ನು ಮತ್ತೆ ಮೊದಲಿನಿಂದ ಆಡಿಸಿದೆ. ಈ ಸಲ ನನ್ನ ಕುರ್ಚಿಯಲ್ಲಿ 'ಹೂಂ' ಎಂದಷ್ಟೇ ಅನ್ನುವ ಹುಡುಗಿಯನ್ನು ಕೂರಿಸಿದೆ. ಅದೇ ಮೇಜು, ಅದೇ ಮೂರು ಚಹಾ. ಅವಳಿಗೂ ಕೋರ್ಟಿನ ಬೆಂಚು ಬೇಕು. ಆದರೆ ಅದನ್ನು ಹೇಳಲು ಬರುವುದಿಲ್ಲ. ಕಾಕಾ ಗುಡುಗುತ್ತಾರೆ, ಅವಳು ತಲೆ ತಗ್ಗಿಸುತ್ತಾಳೆ. ಆಮೇಲೆ ಅಪ್ಪ ಏನು ಮಾಡುತ್ತಾರೆ? ಎಷ್ಟು ಪ್ರಯತ್ನಿಸಿದರೂ ಅಲ್ಲಿಂದ ಮುಂದಿನ ದೃಶ್ಯ ನನಗೆ ಕಾಣಲಿಲ್ಲ.

ಶೆಡ್ಡಿನಲ್ಲಿ ಸಿಮೆಂಟು ತುಂಬಿದ ವ್ಯಾಗನ್‌ಗಳ ಸಾಲು ನಿಂತಿತ್ತು. ಅಪ್ಪ ಒಂದೊಂದರ ಬಾಗಿಲಿನ ಸೀಲು ಎಳೆದು ನೋಡುತ್ತ ಬರುತ್ತಿದ್ದರು. ಹುಬ್ಬಿನ ತನಕ ಬೂದು ಧೂಳು. ಡಬ್ಬಿಯನ್ನು ಕೊಟ್ಟೆ. ಅವರು ಅದನ್ನು ಕಟ್ಟೆಯ ಮೇಲಿಟ್ಟು ಮುಂದಿನ ವ್ಯಾಗನ್ನಿಗೆ ಹೋದರು. ನಾನು ಹಿಂದೆ ಹಿಂದೆಯೇ ಹೋಗಿ ಕೇಳಿದೆ. ಅವರ ಕೈ ಸೀಲಿನ ಮೇಲೆ ಹಾಗೇ ನಿಂತಿತು. ಉತ್ತರವನ್ನು ಇಂದಿಗೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಪ್ಪಾ, ನನಗ ಅಷ್ಟ ಮಾತಾಡಲಿಕ್ಕ ಬರದೇ ಹೋಗಿದ್ರ, ನೀ ಅವತ್ತ ನನ್ನ ಅಲ್ಲೇ ಬಿಟ್ಟ ಬರ್ತಿದ್ದೇನು?"